ತೂಕದ ಹಿಂದಿನ ದಿನ

ಎಂಟು ವಾರದೊಳಗೆ ಐವತ್ತು ಕೆಜಿ ಆಗದಿದ್ದರೆ ಗುಬ್ಬಿಯ ಹೊಟ್ಟೆಗೆ ಕತ್ತಿ ಹಾಕುವುದಿಲ್ಲ ಎಂದು ದೊಡ್ಡ ಸರ್ಜನ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಕರುಳಿನಲ್ಲಿ ಗಡ್ಡೆ. ಈ ಮೈಯಲ್ಲಿ ಕೊಯ್ದರೆ ಗಾಯ ಮಾಯುವುದಿಲ್ಲ, ಮೊದಲು ಮೈ ಮಾಡಿಕೊಂಡು ಬನ್ನಿ ಎಂದರು. ಕೊಯ್ಯದೇ ಬಿಟ್ಟರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವತ್ತು ಆಸ್ಪತ್ರೆಯ ಯಂತ್ರದ ಮೇಲೆ ಗುಬ್ಬಿ ತೂಗಿದ್ದು ನಲವತ್ತೈದು.

ಗುಬ್ಬಿ ಎನ್ನುವುದು ಅವನ ಹೆಸರಲ್ಲ. ಇಪ್ಪತ್ತೆಂಟು ವರ್ಷ ಅವನು ರೇಸಿನಲ್ಲಿ ಕುದುರೆ ಓಡಿಸುವ ಜಾಕಿಯಾಗಿದ್ದ. ಲಾಯದ ಹುಡುಗರು ಇಟ್ಟ ಹೆಸರು ಅದು. ಕೆಲಸ ಬಿಟ್ಟು ಹನ್ನೊಂದು ವರ್ಷವಾದರೂ ಹೆಸರು ಬಿಟ್ಟಿರಲಿಲ್ಲ, ಪೋಸ್ಟಿನವನು ಕೂಡ ಮೆಟ್ಟಿಲ ಕೆಳಗೆ ನಿಂತು ಹಾಗೇ ಕೂಗುತ್ತಿದ್ದ. ಅವನಿಗೆ ಸಿಗುತ್ತಿದ್ದ ಕುದುರೆಗಳ ಲೆಕ್ಕ ಒಂದೇ: ಮೇಲೆ ಕೂರುವವನು ನಲವತ್ತೊಂಬತ್ತೂವರೆ ಕೆಜಿ ದಾಟಬಾರದು. ನೂರು ಗ್ರಾಂ ದಾಟಿದರೂ ಅವತ್ತಿನ ಕುದುರೆ ಬೇರೆಯವನ ಪಾಲು. ನೂರು ಗ್ರಾಂ ಎಂದರೆ ಎಷ್ಟು ಅಂದುಕೊಂಡಿರಿ? ಎರಡು ಮೊಟ್ಟೆ.

ಇಪ್ಪತ್ತೆಂಟು ವರ್ಷ ಅವನನ್ನು ಆ ಗೆರೆಯ ಒಳಗೆ ಹಿಡಿದಿಟ್ಟವಳು ಅವನ ಹೆಂಡತಿ. ಲಾಯದ ಗೇಟಿನ ಪಕ್ಕದ ಪುಟ್ಟ ಅಂಗಡಿಯಲ್ಲಿ ಜಾಕಿಗಳ ಬಣ್ಣದ ಅಂಗಿ ಹೊಲಿಯುತ್ತಿದ್ದ ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಬಟ್ಟೆ ಅಳೆದ ಹಾಗೇ ಅವಳು ಗಂಡನ ಅನ್ನವನ್ನೂ ಅಳೆಯುತ್ತಿದ್ದಳು, ನಾಲ್ಕು ಚಮಚ, ಐದನೆಯದು ಬೇಡ. ಬೇರೆ ಹೆಂಗಸರು ಗಂಡನಿಗೆ ಏನೇನು ಮಾಡಿ ಬಡಿಸಿದೆವೆಂದು ಹೇಳಿಕೊಂಡರೆ, ಇವಳು ಏನೇನು ತಪ್ಪಿಸಿದೆನೆಂದು ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಅದೂ ಒಂದು ವಿದ್ಯೆಯೇ. ಒಬ್ಬ ಗಂಡಸನ್ನು ಸಾಯದ ಹಾಗೆ, ಬಲಿಯದ ಹಾಗೆ ಅಷ್ಟು ವರ್ಷ ಇಟ್ಟುಕೊಳ್ಳುವುದು ಹುಡುಗಾಟವೇನು?

ಈಗ ಆ ವಿದ್ಯೆಯನ್ನು ತಿರುವುಮುರುವು ಮಾಡಬೇಕಾಗಿತ್ತು. ಆಸ್ಪತ್ರೆಯ ಆಹಾರದ ಮೇಡಂ ಗಂಡಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಚಾರ್ಟು ಹರವಿದರು.

"ಬರೀ ಬೆಣ್ಣೆ ತಿನ್ನಿಸಿ ಕೊಬ್ಬು ಏರಿಸೋದಲ್ಲಮ್ಮ. ಹಾಗೆ ಮಾಡಿದ್ರೆ ತೂಕ ಬರುತ್ತೆ, ಶಕ್ತಿ ಬರಲ್ಲ. ಮಾಂಸಖಂಡ ಬೆಳೀಬೇಕು. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಮೊಟ್ಟೆ, ಹಾಲು, ಕಾಳು, ಕಡಲೆಕಾಯಿ, ಬಾಳೆಹಣ್ಣು. ಜೊತೆಗೆ ವ್ಯಾಯಾಮ."

"ಆರು ಸಲಾನಾ?" ಟೈಲರಮ್ಮ ಬಾಯಿಮೇಲೆ ಕೈಯಿಟ್ಟುಕೊಂಡಳು. "ನಮ್ಮನೇಲಿ ಎರಡು ದಿನಕ್ಕೂ ಆರು ಸಲ ಒಲೆ ಹಚ್ಚಿಲ್ಲ ಮೇಡಂ."

"ಇನ್ಮೇಲೆ ಹಚ್ಚಿ. ಕುರ್ಚಿಯಿಂದ ಎದ್ದು ಕೂತು ಮಾಡೋದು ಹತ್ತು ಸಲ, ನೀರು ತುಂಬಿದ ಬಾಟಲಿ ಎತ್ತಿ ಇಳಿಸೋದು ಹತ್ತು ಸಲ, ಅರ್ಧ ಗಂಟೆ ನಿಧಾನವಾಗಿ ನಡೆಯೋದು. ಬೆವರು ಕಿತ್ಕೊಂಡು ಬರೋ ಹಾಗೆ ಮಾಡ್ಬಾರ್ದು. ಗೊತ್ತಾಯ್ತಾ ಯಜಮಾನ್ರೆ?"

ಗುಬ್ಬಿ ಕುರ್ಚಿಯ ತುದಿಯಲ್ಲಿ ಕೂತು ತಲೆಯಾಡಿಸಿದ. ಅವನು ಯಾವತ್ತೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿಬಿಟ್ಟರು. ಊಟವನ್ನೇ ಅರಿಯದವನಿಗೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಲಿಲ್ಲ. ಮೊದಲ ವಾರ ಟೈಲರಮ್ಮ ಅಂಗಡಿಗೆ ಬಾಗಿಲು ಹಾಕಿ, ಹೊಲಿಗೆ ಯಂತ್ರವನ್ನು ಮನೆಗೆ ತಂದು, ಗಡಿಯಾರ ನೋಡಿಕೊಂಡು ಅವನ ಮುಂದೆ ತಟ್ಟೆ ಇಟ್ಟಳು. ಅವನು ಮರುಮಾತಿಲ್ಲದೆ ತಿಂದ. ವಾರ ಕಳೆದು ತೂಗಿದರೆ ನಲವತ್ತೈದು, ಇದ್ದಲ್ಲೇ ಇದೆ. ಲಾಯದವರು ಹಳತಾಯಿತೆಂದು ಎಸೆದಿದ್ದ ಮುಳ್ಳಿನ ತೂಕದ ಯಂತ್ರ ಅವರ ಬಚ್ಚಲ ಬಾಗಿಲ ಪಕ್ಕದಲ್ಲೇ ಇತ್ತು. ಅದು ಸುಳ್ಳು ಹೇಳುವಂಥದ್ದಲ್ಲ. ಅವಳಿಗೆ ಅನುಮಾನ ಬಂದು ಅವನ ಕೋಟಿನ ಜೇಬಿಗೆ ಕೈಹಾಕಿದಳು. ಕರವಸ್ತ್ರದಲ್ಲಿ ಸುತ್ತಿದ ಮೊಟ್ಟೆಯ ಹಳದಿ, ಒಂದಲ್ಲ, ನಾಲ್ಕು.

"ನನ್ನ ಹತ್ರಾನೇ? ಕಳ್ಳನ ಹೆಂಡ್ತಿಗೆ ಕಳ್ಳತನ ಗೊತ್ತಿರಲ್ವೇನ್ರೀ?" ಎಂದು ಹರಿಹಾಯ್ದಳು. "ದವಡೇಲಿ ಇಟ್ಕೊಂಡು ಆಮೇಲೆ ಉಗಿಯೋದನ್ನ ನೀವು ಕಲಿತಾಗ ಬಟ್ಟಲು ಹಿಡಿದವಳು ಯಾರು? ನಾನೇ ತಾನೇ?"

ಅವನಿಗೆ ನಾಚಿಕೆಯಾಯಿತು. "ಬೇಕೂಂತ ಮಾಡಲ್ಲ ಕಣೇ. ನಾನು ನುಂಗು ಅಂತೀನಿ, ಗಂಟಲು ಬೇಡ ಅನ್ನುತ್ತೆ. ಯಾರೋ ಬೈತಾರೆ ಅನ್ನೋ ಹಾಗೆ ಆಗುತ್ತೆ."

ಅವಳು ಕರವಸ್ತ್ರವನ್ನು ಮತ್ತೆ ಗಂಟುಕಟ್ಟಿ ಪಕ್ಕಕ್ಕಿಟ್ಟಳು. ಅಷ್ಟು ವರ್ಷ ಬೈದವಳು ತಾನೇ ಅಲ್ಲವೇ? ಅವತ್ತಿನಿಂದ ತಿನ್ನುವಾಗ ಎದುರಿಗೇ ಕೂತು, ನುಂಗಿದ ಮೇಲೆ ಮಗುವಿಗೆ ಮಾಡಿದ ಹಾಗೆ ಬಾಯಿ ತೆರೆಸಿ ನೋಡತೊಡಗಿದಳು.

ವ್ಯಾಯಾಮದ್ದು ಇನ್ನೊಂದು ಪೇಚು. ತಿನ್ನುವುದಕ್ಕೆ ಹಿಂದೇಟು ಹಾಕುವವನು ವ್ಯಾಯಾಮ ಎಂದರೆ ಎದ್ದು ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಅವನು ಎಲ್ಲೂ ಕಾಣದೆ ಹುಡುಕಿಕೊಂಡು ಹೋದರೆ, ಕಟ್ಟಡದ ಮೂರನೆಯ ಮಹಡಿಯ ಮೆಟ್ಟಿಲಲ್ಲಿ, ಸುಡುಬಿಸಿಲಿನಲ್ಲಿ ಪ್ಲಾಸ್ಟಿಕ್ಕಿನ ಮಳೆಕೋಟು ತೊಟ್ಟು ಮೇಲೆ ಕೆಳಗೆ ಓಡುತ್ತಿದ್ದಾನೆ! ಮುಖ ಕೆಂಪೇರಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಮೇಡಂ ವ್ಯಾಯಾಮ ಮಾಡು ಅಂದ್ರಲ್ಲ," ಎಂದ, ಏದುಸಿರು ಬಿಡುತ್ತ.

"ಇದು ಕರಗಿಸೋ ವ್ಯಾಯಾಮ ಕಣ್ರೀ! ಅವರು ಹೇಳಿದ್ದು ಬೆಳೆಸೋದು!"

"ಎರಡೂ ಬೇರೆನಾ?" ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿ ಕೇಳಿದ. ಅರುವತ್ತು ವರ್ಷದ ಮನುಷ್ಯನಿಗೆ ಮೈಯನ್ನು ದಂಡಿಸುವುದು ಗೊತ್ತಿತ್ತು, ಸಾಕುವುದು ಗೊತ್ತಿರಲಿಲ್ಲ. ಟೈಲರಮ್ಮ ಆ ಮಳೆಕೋಟನ್ನು ಅವತ್ತೇ ಕತ್ತರಿಸಿ ಹೊಲಿಗೆ ಯಂತ್ರಕ್ಕೆ ಹೊದಿಕೆ ಮಾಡಿದಳು. ಮರುದಿನದಿಂದ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತಾನೂ ಎದ್ದು ಕೂತು ಮಾಡಿದಳು. ಅವನು ಹತ್ತರ ಮೇಲೆ ಹನ್ನೊಂದನೆಯದಕ್ಕೆ ಏಳಹೊರಟರೆ ಹೆಗಲು ಒತ್ತಿ ಕೂರಿಸುತ್ತಿದ್ದಳು.

ನಿಧಾನಕ್ಕೆ, ಬಹಳ ನಿಧಾನಕ್ಕೆ, ಮುಳ್ಳು ಕದಲಿತು. ನಾಲ್ಕನೆಯ ವಾರಕ್ಕೆ ನಲವತ್ತೇಳು. ಆರನೆಯದಕ್ಕೆ ನಲವತ್ತೆಂಟೂವರೆ. ಮೆಟ್ಟಿಲು ಹತ್ತುವಾಗ ಮಧ್ಯೆ ನಿಲ್ಲುವುದು ತಪ್ಪಿತು. ಬಟ್ಟೆಯ ಗಂಟನ್ನು ಅವಳ ಕೈಯಿಂದ ಕಸಿದುಕೊಂಡು ತಾನೇ ಹೊತ್ತ. ಅವಳು ಅವನ ಪ್ಯಾಂಟುಗಳನ್ನು ಇಲ್ಲಿಯವರೆಗೆ ಸೊಂಟದಲ್ಲಿ ಹಿಡಿದಿದ್ದೇ ಹಿಡಿದದ್ದು. ಈಗ ಮೊದಲ ಸಲ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟಳು. ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡುವ ಮಗಳು ಭಾನುವಾರ ಬಂದವಳು ಅಪ್ಪನ ಕೆನ್ನೆ ಹಿಂಡಿ, "ನೋಡಮ್ಮ, ಹಿಡಿಯೋಕೆ ಸಿಗುತ್ತೆ ಈಗ!" ಎಂದಳು. ಆ ಮಗಳು ಗುಂಡುಗುಂಡಗಿದ್ದಳು. ಅಪ್ಪನ ಪಾಲಿನದನ್ನೂ ತಾನೇ ತಿಂದೆ ಎಂದು ಅವಳ ತಮಾಷೆ. ನಿಜವೆಂದರೆ ಚಿಕ್ಕಂದಿನಲ್ಲಿ ಅವಳು ಪಕ್ಕದ ಮನೆಗಳಲ್ಲಿ ತಿಂದು ಬೆಳೆದದ್ದು.

ಗುಬ್ಬಿಗೆ ಮಾತ್ರ ಖುಷಿಯಿರಲಿಲ್ಲ. ಕನ್ನಡಿಯ ಮುಂದೆ ನಿಂತು ಗಲ್ಲದ ಕೆಳಗಿನ ಚರ್ಮ ಹಿಡಿದು ನೋಡುತ್ತಿದ್ದ. ಏಳನೆಯ ವಾರ ಮುಳ್ಳು ನಲವತ್ತೊಂಬತ್ತೂವರೆ ದಾಟಿ ಒಂದು ಗೆರೆ ಮುಂದೆ ಹೋಗಿ ನಿಂತ ದಿನ, ಕೆಂಡ ತುಳಿದವನ ಹಾಗೆ ಯಂತ್ರದಿಂದ ಕೆಳಗೆ ಹಾರಿ, ಗೋಡೆಗೆ ಒರಗಿ ಕೂತುಬಿಟ್ಟ.

"ಇನ್ನು ನನಗೆ ಯಾರೂ ಕುದುರೆ ಕೊಡಲ್ಲ," ಎಂದ.

ಅವಳು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗುವನ್ನು ನುಂಗಿಕೊಂಡಳು. ಹನ್ನೊಂದು ವರ್ಷದಿಂದ ಯಾರೂ ಕೊಟ್ಟಿರಲಿಲ್ಲ, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಯಿಗೆ ಬಂದದ್ದು ಆ ಮಾತು. ಅವಳು ಹಾಲು ಕಾಯಿಸಿ ತಂದುಕೊಟ್ಟಳು, ಅವನು ಕುಡಿದ.

ಎಂಟನೆಯ ವಾರದ ಕೊನೆ. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೂಕ, ರಕ್ತಪರೀಕ್ಷೆ. ಎಲ್ಲ ಸರಿಯಿದ್ದರೆ ನಾಡಿದ್ದು ಆಪರೇಷನ್. ದೊಡ್ಡ ಸರ್ಜನ್ ಬೇರೆ ಊರಿನಿಂದ ತಿಂಗಳಿಗೊಮ್ಮೆ ಬರುವವರು, ಆ ಒಂದೇ ದಿನ ಇರುವವರು. ಮಧ್ಯಾಹ್ನದ ಊಟವಾದ ಮೇಲೆ ಮನೆಯ ಯಂತ್ರದ ಮೇಲೆ ಗುಬ್ಬಿ ಐವತ್ತರ ಮೇಲೆ ಮುನ್ನೂರು ಗ್ರಾಂ ಇದ್ದ. ಟೈಲರಮ್ಮನಿಗೆ ಕಣ್ಣಲ್ಲಿ ನೀರೇ ಬಂತು. ಆಹಾರದ ಮೇಡಂ ಫೋನ್ ಮಾಡಿ, "ಹೊಟ್ಟೆತುಂಬ ತಿಂದ್ಕೊಂಡು ಬನ್ನಿ. ಆಪರೇಷನ್‌ಗೆ ಉಪವಾಸ ಇರ್ಬೇಕಾದ್ದು ನಾಳೆ ರಾತ್ರಿಯಿಂದ, ಅದನ್ನ ನಾವೇ ಹೇಳ್ತೀವಿ," ಎಂದರು. ಟೈಲರಮ್ಮ ಆಯ್ತು ಆಯ್ತು ಎಂದಳು.

ಆಮೇಲೆ ಕೈತುಂಬ ಕೆಲಸ. ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬಟ್ಟೆ ತುಂಬಿದಳು. ಅವನ ಅಂಗಿಗೆ ಇಸ್ತ್ರಿ ಹಾಕಿದಳು. ಅವನನ್ನು ಬೆಳಕಿಗೆ ಕೂರಿಸಿ ಕೈಕಾಲಿನ ಉಗುರು ತೆಗೆದಳು, ಕತ್ತಿನ ಮೇಲೆ ಬೆಳೆದ ಕೂದಲು ಸವರಿದಳು.

"ನಾಳೆ ತೂಕ," ಎಂದ ಅವನು.

"ಹೂಂ, ನಾಳೆ ತೂಕ."

ಒಲೆ ಒರೆಸಿ, ಪಾತ್ರೆ ಬೋರಲು ಹಾಕಿ, ಹೊತ್ತಿಗೆ ಮುಂಚೆಯೇ ಇಬ್ಬರೂ ಮಲಗಿದರು. ಬೆಳಿಗ್ಗೆ ಎದ್ದು ಅವಳು ಎರಡು ದೊಡ್ಡ ಪಾತ್ರೆ ನೀರು ಕುದಿಸಿ ಬಚ್ಚಲಿಗೆ ಇಟ್ಟಳು. ಅವನು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದ. ಕೆಂಪಗಾಗಿ ಹೊರಬಂದವನಿಗೆ ಕಂಬಳಿ ಸುತ್ತಿ ಕೂರಿಸಿ, ಆಗಾಗ ಹಣೆ ಒರೆಸಿದಳು. ಇಬ್ಬರೂ ಅರ್ಧರ್ಧ ಲೋಟ ಹಾಲಿಲ್ಲದ ಟೀ ಕುಡಿದು ಬಸ್ಸು ಹತ್ತಿದರು. ಬಸ್ಸಿನಲ್ಲಿ ಅವನು ಶಿಳ್ಳೆ ಹಾಕಿದ. ಎಷ್ಟೋ ವರ್ಷದ ಮೇಲೆ ಮನಸ್ಸು ಹಗುರ ಎನಿಸಿತು ಅವಳಿಗೆ.

ಆಸ್ಪತ್ರೆಯ ತೂಕದ ಕೋಣೆಯಲ್ಲಿ ಒಬ್ಬ ನರ್ಸು. ಹೆಸರು ಕೂಗಿದ್ದೇ ಗುಬ್ಬಿ ಶೂ ಕಳಚಿದ. ಬೆಲ್ಟು ಬಿಚ್ಚಿದ. ಗಡಿಯಾರ, ಉಂಗುರ, ಜೇಬಿನ ಬಾಚಣಿಗೆ, ಒಂದೊಂದೇ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಅವಳು ಕೈ ಒಡ್ಡಿಯೇ ನಿಂತಿದ್ದಳು. ಅವನು ಉಸಿರು ಬಿಟ್ಟು, ಯಂತ್ರದ ಮೇಲೆ ಮೆಲ್ಲಗೆ ಕಾಲಿಟ್ಟ. ಕೆಂಪು ಅಂಕಿಗಳು ಓಡಿ ನಿಂತವು. ನಲವತ್ತೊಂಬತ್ತು ಪಾಯಿಂಟ್ ಒಂದು.

ಗುಬ್ಬಿಯ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಸತ್ಯ ಹೇಳಬೇಕೆಂದರೆ ಅವಳ ಎದೆಯೂ ಒಂದು ಕ್ಷಣ ಹಗುರಾಯಿತು. ಸದ್ಯ, ದಾಟಲಿಲ್ಲವಲ್ಲ!

"ಅಯ್ಯೋ, ಇದೇನಿದು?" ಎಂದಳು ನರ್ಸು. "ಹೋದ ವಾರ ಮನೇಲಿ ಐವತ್ತರ ಹತ್ರ ಬಂತು ಅಂದಿದ್ರಲ್ಲ? ಇಳಿದುಬಿಟ್ಟಿದೆಯಲ್ಲ! ನಾಲಿಗೆ ನೋಡಿ, ಹೇಗೆ ಒಣಗಿದೆ. ನಿನ್ನೆ ರಾತ್ರಿ ಏನು ಊಟ ಮಾಡಿದ್ರು ಇವರು?"

ಟೈಲರಮ್ಮ ನೆನಪಿಸಿಕೊಳ್ಳಲು ಹೋದಳು. ಕಣ್ಣಮುಂದೆ ಬಂದದ್ದು ಬೋರಲು ಹಾಕಿದ ಪಾತ್ರೆ.

"ಬೆಳಿಗ್ಗೆ ತಿಂಡಿ?"

ಆಗ ಅವಳ ಹೊಟ್ಟೆ ಗುರುಗುಟ್ಟಿತು, ನರ್ಸಿಗೂ ಕೇಳುವಷ್ಟು ಜೋರಾಗಿ. ತಾನೂ ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ರೇಸಿನ ತೂಕದ ಹಿಂದಿನ ದಿನ ಮಧ್ಯಾಹ್ನದ ಮೇಲೆ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಬೆಳಿಗ್ಗೆ ಕುದಿನೀರಿನ ಹಬೆ, ಕಂಬಳಿ, ಅರ್ಧ ಲೋಟ ಕಪ್ಪು ಟೀ, ಅಷ್ಟೇ. ಅವನು ಹಸಿದು ಕೂತಿರುವಾಗ ತಾನೊಬ್ಬಳೇ ಎದುರಿಗೆ ತಿನ್ನುವುದು ಹೇಗೆ ಎಂದು ಮದುವೆಯಾದ ಹೊಸತರಲ್ಲೇ ಅವಳೂ ಬಿಟ್ಟಿದ್ದಳು. ನಾಳೆ ತೂಕ ಎಂಬ ಎರಡು ಮಾತು ಕಿವಿಗೆ ಬಿದ್ದಿದ್ದೇ ತಡ, ಕೈಗಳು ತಮ್ಮ ಪಾಡಿಗೆ ಒಲೆ ಒರೆಸಿ ಪಾತ್ರೆ ಬೋರಲು ಹಾಕಿದ್ದವು. ಎಂಟು ವಾರ ಗಡಿಯಾರ ನೋಡಿ ಉಣ್ಣಿಸಿದವಳು, ಮೇಡಂಗೆ ಆಯ್ತು ಆಯ್ತು ಎಂದವಳು!

"ನಾನೇ," ಎಂದಳು. "ನಾನೇ ಕೊಡ್ಲಿಲ್ಲ ಸಿಸ್ಟರ್. ಮರ್ತುಹೋಯ್ತು."

"ಮರ್ತುಹೋಯ್ತಾ?" ನರ್ಸಿಗೆ ನಂಬಿಕೆಯೇ ಬರಲಿಲ್ಲ. "ಊಟ ಹಾಕೋದು ಯಾರಿಗಾದ್ರೂ ಮರೆಯುತ್ತಾ?"

ಅವಳು ಅತ್ತಳು, ಕೈಮುಗಿದಳು, ಈಗಲೇ ತಿನ್ನಿಸಿಕೊಂಡು ಬರುತ್ತೇನೆ ಎಂದಳು. ತಿನ್ನಿಸಿಯೂ ತಿನ್ನಿಸಿದಳು. ಆದರೆ ರಕ್ತಪರೀಕ್ಷೆ ಅಷ್ಟರಲ್ಲಿ ಆಗಿಹೋಗಿತ್ತು. ಮೈಯಲ್ಲಿ ನೀರಿಲ್ಲ, ಉಪ್ಪಿನಂಶ ಏರುಪೇರಾಗಿದೆ, ಬಿಪಿ ಪಾತಾಳಕ್ಕಿಳಿದಿದೆ. ಅರಿವಳಿಕೆ ಕೊಡುವ ಡಾಕ್ಟರು ಕಾಗದ ನೋಡಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ಆಹಾರದ ಮೇಡಂ ಆ ಡಾಕ್ಟರ ಬಳಿ ವಾದಿಸಿದರು, ಬೇಡಿಕೊಂಡರು, ಫಲವಾಗಲಿಲ್ಲ. ಗುಬ್ಬಿಯ ಜಾಗಕ್ಕೆ ಕಾಯುತ್ತಿದ್ದ ಇನ್ನೊಬ್ಬರ ಹೆಸರು ಹಾಕಿಕೊಂಡರು. ಮುಂದಿನ ಸರದಿ ಐದು ವಾರಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಮ್ಮನೆ ಆಡುತ್ತಾರೆ. ಇವರ ಪಾಲಿಗೆ ಅದು ಬರೀ ಗಾದೆಯಾಗಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಗುಬ್ಬಿ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳುತ್ತಿದ್ದ.

"ನನ್ನ ಕೈಗೆ ಹಾವು ಕಚ್ಚ," ಎಂದಳು ಅವಳು. "ನಾನೇ ನಿಮ್ಮನ್ನ ಹೀಗೆ ಮಾಡಿಟ್ಟೆ."

"ಸುಮ್ನಿರು. ನೀನು ಕೊಡ್ಲಿಲ್ಲ, ನಾನು ಕೇಳ್ಲಿಲ್ಲ," ಎಂದ ಅವನು. ಉಂಗುರವನ್ನು ಗೆಣ್ಣು ದಾಟಿಸಿ, "ನನಗೆ ಹಸಿವೂ ಆಗ್ಲಿಲ್ಲ ಕಣೇ," ಎಂದ.

ನರ್ಸು ಮುಂದಿನ ತಾರೀಕು ಬರೆದ ಚೀಟಿ ತಂದಾಗ ಟೈಲರಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ನಮಗೆ ಹೇಳ್ಬೇಡಿ ಸಿಸ್ಟರ್. ದಿನ ಗೊತ್ತಾದ್ರೆ ನಾವು ಮತ್ತೆ ಹೀಗೇ ಮಾಡ್ತೀವಿ. ಆ ಬೆಳಿಗ್ಗೆ ನೀವೇ ಫೋನ್ ಮಾಡಿ. ತಿಂಡಿ ತಿನ್ನೋ ಹೊತ್ತು ಕಳೆದ ಮೇಲೆ ಮಾಡಿ."

ನರ್ಸು ನಗಲು ಹೊರಟವಳು ಅವಳ ಕಣ್ಣು ನೋಡಿ ನಿಲ್ಲಿಸಿದಳು. ಚೀಟಿಯನ್ನು ಜೇಬಿಗಿಟ್ಟುಕೊಂಡು, "ಒಂಬತ್ತೂವರೆಗೆ ಮಾಡ್ತೀನಮ್ಮ. ನಾನೇ ಮಾಡ್ತೀನಿ," ಎಂದು ಮಾತುಕೊಟ್ಟಳು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ತೂಕ ಎಂಬ ಮಾತೇ ಏಳಲಿಲ್ಲ. ಮಗಳು ಬಂದು ಮುಳ್ಳಿನ ಯಂತ್ರವನ್ನು ಹೊತ್ತುಕೊಂಡು ಹೋದಳು. ಗುಬ್ಬಿ ದಿನಕ್ಕೆ ಆರು ಸಲ ತಿಂದ, ಹತ್ತು ಸಲ ಎದ್ದು ಕೂತ, ಸಂಜೆ ಹೆಂಡತಿಯ ಜೊತೆ ರಸ್ತೆಯ ಕೊನೆಯವರೆಗೆ ನಡೆದು ಬಂದ. ಮೂರನೆಯ ವಾರ ಅವಳು ಪ್ಯಾಂಟಿನ ಸೊಂಟವನ್ನು ಇನ್ನೂ ಕಾಲಿಂಚು ಬಿಟ್ಟಳು. ಒಂದು ದಿನ ಅವನೇ ಬಾಯಿಬಿಟ್ಟು ಕೇಳಿದ, "ಇನ್ನೊಂದು ಚೂರು ಬೆಣ್ಣೆ ಹಚ್ತೀಯಾ?" ಮದುವೆಯಾದಾಗಿನಿಂದ ಅವನು ತಿನ್ನಲು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಬ್ರೆಡ್ಡಿನ ಎರಡೂ ಬದಿಗೆ ಹಚ್ಚಿದಳು.

ನಾಲ್ಕನೆಯ ವಾರ, ಮಧ್ಯಾಹ್ನದ ಊಟವಾಗಿ ಕೈತೊಳೆದು ಬಂದವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಗಡ್ಡೆಯಿದ್ದ ಕಡೆ ಕರುಳು ಒಡೆದಿತ್ತು. ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರಿಗೆ ಎತ್ತಿದ ಇಬ್ಬರಲ್ಲಿ ಒಬ್ಬ, "ನೋಡೋಕೆ ಸಣ್ಣ, ಆದ್ರೂ ಭಾರ ಇದ್ದಾನೆ ಅಜ್ಜ," ಎಂದ. ಟೈಲರಮ್ಮ ಸ್ಟ್ರೆಚರಿನ ಪಕ್ಕ ಓಡುತ್ತಲೇ ಆ ಮಾತನ್ನು ಕೇಳಿಸಿಕೊಂಡಳು. ಗುಬ್ಬಿಗೂ ಕೇಳಿಸಿತೇನೋ, ಗೊತ್ತಿಲ್ಲ. ದೊಡ್ಡ ಸರ್ಜನ್ ತಮ್ಮ ಊರಿನಲ್ಲಿದ್ದರು. ಇದ್ದ ಡಾಕ್ಟರುಗಳು ಕೈಲಾದದ್ದು ಮಾಡಿದರು. ಸಂಜೆಯಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳು ವಾರ ಪೂರ್ತಿ ಅಮ್ಮನ ಜೊತೆಗಿದ್ದು ಕೆಲಸಕ್ಕೆ ಹಿಂದಿರುಗಿದಳು. ಅದರ ಮರುದಿನ ಬೆಳಿಗ್ಗೆ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಾಗ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಲ್ಲಿ ಯಾರು ಯಾರಿಗೆ ಸುದ್ದಿ ಹೇಳಬೇಕಿತ್ತೋ, ಹೇಳಿರಲಿಲ್ಲ. ಗಡಿಯಾರದಲ್ಲಿ ಒಂಬತ್ತೂವರೆ.

"ಅಮ್ಮಾ, ನಾನು, ತೂಕದ ರೂಮಿನ ಸಿಸ್ಟರ್. ಇವತ್ತೇ ದಿನ, ಕರ್ಕೊಂಡು ಬನ್ನಿ," ಎಂದಿತು ನರ್ಸಿನ ಹುರುಪಿನ ದನಿ. "ಮೊದಲು ಹೇಳಿ, ಯಜಮಾನ್ರು ಹೊಟ್ಟೆತುಂಬ ತಿಂದ್ರಾ?"

ಅವಳು ಯಂತ್ರದ ಮೇಲಿನ ಮಳೆಕೋಟಿನ ಹೊದಿಕೆಯನ್ನು ಎಳೆದು ಸರಿಮಾಡಿದಳು. ನರ್ಸು ಹಲೋ ಹಲೋ ಎಂದಳು.

"ತಿಂದ್ಕೊಂಡೇ ಹೋದ್ರು ಸಿಸ್ಟರ್," ಎಂದಳು. "ಹೋಗಿ ಎಂಟು ದಿನ ಆಯ್ತು."